ಉತಾರದ ಲೆಕ್ಕ, ಪಾಟಿಯ ಲೆಕ್ಕ

ಮನೆಯಲ್ಲಿ ಹೊಲದ ಉತಾರ ಇದ್ದರೆ ಒಮ್ಮೆ ಕೈಗೆ ತೆಗೆದುಕೊಳ್ಳಿ. ಪಹಣಿ ಅಂದರೂ ಅದೇ. ವಿಸ್ತೀರ್ಣದ ಕಾಲಮ್ಮಿನಲ್ಲಿ ಎಕರೆ, ಗುಂಟೆ, ಆಣೆ ಎಂದು ಸಾಲಾಗಿ ಬರೆದು ನಡುವೆ ಚುಕ್ಕೆ ಇಟ್ಟಿರುತ್ತಾರೆ. ಒಂದು ಸರ್ವೆ ನಂಬರಿನಲ್ಲಿ 2.20, ಇನ್ನೊಂದರಲ್ಲಿ 1.30 ಇದೆ ಅಂದುಕೊಳ್ಳಿ. ಎರಡೂ ಕೂಡಿ ಎಷ್ಟಾಯಿತು ಎಂದು ಹತ್ತನೇ ಇಯತ್ತೆಯ ಮಗನನ್ನು ಕೇಳಿ. ದಶಮಾಂಶ ಕಲಿತ ಹುಡುಗ ಒಂದರ ಕೆಳಗೊಂದು ಬರೆದು ಕೂಡಿಸುತ್ತಾನೆ: 3.50, ಅಂದರೆ ಮೂರೂವರೆ ಎಕರೆ. ಅವನ ಕೂಡಿಸುವಿಕೆ ಸರಿಯಾಗಿದೆ, ಲೆಕ್ಕ ಮಾತ್ರ ತಪ್ಪಿದೆ. ನಲವತ್ತು ಗುಂಟೆಗೆ ಒಂದು ಎಕರೆ. ಇಪ್ಪತ್ತು ಮತ್ತು ಮೂವತ್ತು ಸೇರಿ ಐವತ್ತು ಗುಂಟೆ, ಅಂದರೆ ಒಂದು ಎಕರೆ ಹತ್ತು ಗುಂಟೆ. ಒಟ್ಟು ಆಸ್ತಿ ನಾಲ್ಕು ಎಕರೆ ಹತ್ತು ಗುಂಟೆ. ಆ ಒಂದು ಚುಕ್ಕೆಯ ಅರ್ಥ ತಿಳಿಯದೆ ಮೂವತ್ತು ಗುಂಟೆ, ಅಂದರೆ ಮುಕ್ಕಾಲು ಎಕರೆ ಹೊಲ, ಹಾಳೆಯ ಮೇಲೆಯೇ ಮಾಯವಾಯಿತು.

ಅದೇ ಮನೆಯ ಕಟ್ಟೆಯ ಮೇಲೆ ಕೂತ ಅಜ್ಜನನ್ನು ಕೇಳಿದರೆ ಬೆರಳು ಕೂಡ ಮಡಚದೆ ಹೇಳುತ್ತಾನೆ: "ನಾಕು ಎಕರೆ ಹತ್ತು ಗುಂಟೆ ಆತು ನೋಡು ತಮ್ಮಾ." ಅಜ್ಜ ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಅವನ ಕೈಗೆ ಪಾಟಿ ಕೊಟ್ಟು ಭಾಗಾಕಾರ ಮಾಡು ಅಂದರೆ ಹೊಳ್ಳಿಸಿ ಮರಳಿಸಿ ನೋಡಿ ಕೆಳಗಿಡುತ್ತಾನೆ. ಒಂದೇ ಸೂರಿನಡಿ ಎರಡು ಬಗೆಯ ಲೆಕ್ಕ ಬದುಕಿವೆ, ಒಂದಕ್ಕೊಂದು ಮಾತಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಶಾಲೆಗಳ ಬಗ್ಗೆ ಯೋಚಿಸುವಾಗೆಲ್ಲ ನನ್ನನ್ನು ಕಾಡುವುದು ಇದೇ. ನಮ್ಮ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಅನ್ನುವ ಮಾತು ಅರ್ಧ ನಿಜ. ಅವರಿಗೆ ಬರುವ ಲೆಕ್ಕ ಶಾಲೆಯೊಳಗೆ ಬರುತ್ತಿಲ್ಲ, ಶಾಲೆಯ ಲೆಕ್ಕ ಮನೆಗೆ ಹೋಗುತ್ತಿಲ್ಲ.

ಇದು ನಮ್ಮ ಸೀಮೆಯೊಂದರ ಸಂಗತಿ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳ ಬಗ್ಗೆ 1985ರಲ್ಲಿ ಒಂದು ಸಂಶೋಧನಾ ಲೇಖನ ಬಂತು. ಸಂಶೋಧಕರು ಗಿರಾಕಿಗಳಂತೆ ಹೋಗಿ, ಇಷ್ಟು ಕಾಯಿಗೆ ಎಷ್ಟು, ಚಿಲ್ಲರೆ ಎಷ್ಟು ಎಂದು ಕೇಳಿದಾಗ ನೂರರಲ್ಲಿ ತೊಂಬತ್ತೆಂಟು ಉತ್ತರ ಸರಿ ಬಂದವು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಸರಿಯಾದವು ನೂರಕ್ಕೆ ಮೂವತ್ತೇಳು ಮಾತ್ರ. ಹನ್ನೆರಡು ವರ್ಷದ ಹುಡುಗನೊಬ್ಬ ಮೂವತ್ತೈದರ ಒಂದು ತೆಂಗಿನಕಾಯಿಯಂತೆ ನಾಲ್ಕಕ್ಕೆ ನೂರಾ ನಲವತ್ತು ಎಂದು ಬಾಯಲ್ಲೇ ಲೆಕ್ಕ ಹಾಕಿ ಹೇಳಿದ. ಮುಂದೆ 35 × 4 ಎಂದು ಬರೆದು ಕೊಟ್ಟಾಗ ಇನ್ನೂರು ಅಂದ. ನಾಲ್ಕೈದ್ಲೆ ಇಪ್ಪತ್ತು, ಎರಡು ಕೈಯಲ್ಲಿ. ಮೂರಕ್ಕೆ ಎರಡು ಸೇರಿಸಿ ಐದು, ನಾಲ್ಕೈದ್ಲೆ ಇಪ್ಪತ್ತು. ದಶಕವನ್ನು ಮೊದಲೇ ಕೂಡಿಸಿ ಆಮೇಲೆ ಗುಣಿಸಿಬಿಟ್ಟ. ತೆಂಗಿನಕಾಯಿ ಮಾರುವಾಗ ಇಂಥ ತಪ್ಪು ಮಾಡಿದ್ದರೆ ಗಿರಾಕಿ ಬಿಡುತ್ತಿರಲಿಲ್ಲ, ಅವನಿಗೂ ಅದು ತಪ್ಪೆಂದು ಹೊಳೆಯುತ್ತಿತ್ತು. ಕಾಗದದ ಮೇಲೆ ಇನ್ನೂರು ಅನ್ನುವುದು ಹೆಚ್ಚಾಯಿತೆಂದು ಹೇಳಲು ಅಲ್ಲಿ ಕಾಯಿಯೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲ.

ನಲವತ್ತು ವರ್ಷದ ನಂತರ, 2025ರಲ್ಲಿ, ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಿಲೋಗೆ ಇಪ್ಪತ್ತು ರೂಪಾಯಿಯ ಆಲೂಗಡ್ಡೆ 800 ಗ್ರಾಂ, ಹದಿನೈದರ ಉಳ್ಳಾಗಡ್ಡಿ 1 ಕಿಲೋ 400 ಗ್ರಾಂ. ಇನ್ನೂರರ ನೋಟು ಕೊಟ್ಟರೆ ಮರಳಿ ಎಷ್ಟು? ನೂರಾ ಅರವತ್ಮೂರು. ಇಂಥ ಲೆಕ್ಕ ಆ ಮಕ್ಕಳ ಬಾಯಲ್ಲೇ ಇತ್ತು. ಆದರೆ ಶಾಲೆಯ ರೀತಿಯಲ್ಲಿ ಕೊಟ್ಟ ಕಳೆಯುವ, ಭಾಗಿಸುವ ಲೆಕ್ಕದಲ್ಲಿ ಬಹಳಷ್ಟು ಮಕ್ಕಳು ಎಡವಿದರು. ಇನ್ನೊಂದು ಕಡೆ 471 ಶಾಲಾಮಕ್ಕಳನ್ನು ಪರೀಕ್ಷಿಸಿದಾಗ ಅವರು ಪಾಟಿಯ ಲೆಕ್ಕದಲ್ಲಿ ಮುಂದು, ಸಂತೆಯ ಲೆಕ್ಕದಲ್ಲಿ ಹಿಂದು. ಎರಡೂ ಕಡೆ ಬುದ್ಧಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಈ ಲೆಕ್ಕದಿಂದ ಆ ಲೆಕ್ಕಕ್ಕೆ ದಾಟುವ ಸೇತುವೆಗೆ, ಅದನ್ನು ಕಟ್ಟುವುದು ಶಾಲೆಯ ಕೆಲಸ.

ಈ ಸೇತುವೆಗೆ ಕನ್ನಡದಲ್ಲಿ ಹಳೆಯ ಹೆಸರೇ ಇದೆ. ಸರ್ಕಾರಿ ಕಾಗದಪತ್ರಗಳಲ್ಲಿ ಈಗ 'ಬುನಾದಿ ಸಂಖ್ಯಾಜ್ಞಾನ' ಎಂದು ಬರೆಯುತ್ತಾರೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆಯಲು ಕೂತಾಗ ಕೃತಿಗೆ 'ವ್ಯವಹಾರ ಗಣಿತ' ಎಂದು ಹೆಸರಿಟ್ಟ. ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದ. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು, ಎಲ್ಲಕ್ಕೂ ಗಣಿತ ಬೇಕು ಎಂದು ಆರಂಭದಲ್ಲಿಯೇ ಹೇಳಿದ. ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ಆ ಅಮೋಘವರ್ಷನ ದಂಡನಾಯಕ ಬಂಕೇಯನಿಂದ. ಬಂಕಾಪುರದ ಶಾಲೆಯ ಮಗುವಿಗೆ ಗಣಿತ ಎಲ್ಲಿಂದಲೋ ಬಂದ ಪರಕೀಯ ವಿದ್ಯೆಯಲ್ಲ, ತನ್ನೂರಿನ ಹೆಸರು ಹುಟ್ಟಿದ ಕಾಲದಲ್ಲೇ ಬೆಳೆದ ವಿದ್ಯೆ ಎಂದು ಯಾರಾದರೂ ಹೇಳಬೇಕು.

ಈಗ ತರಗತಿಯ ಒಳಗೆ ಬರೋಣ. ಮೂರನೇ ಇಯತ್ತೆಯ ಪಾಟಿಗಳ ಮೇಲೆ ಪದೇ ಪದೇ ಕಾಣುವ ತಪ್ಪೊಂದಿದೆ. 52ರಲ್ಲಿ 38 ಕಳೆ ಅಂದರೆ ಮಗು 26 ಎಂದು ಬರೆಯುತ್ತದೆ. ಎರಡರಲ್ಲಿ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟರಲ್ಲಿ ಎರಡು ಕಳೆದು ಆರು. ಐದರಲ್ಲಿ ಮೂರು ಕಳೆದು ಎರಡು. ಇದನ್ನು ಅಲಕ್ಷ್ಯ ಅನ್ನಬೇಡಿ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಹೇಳಿಕೊಟ್ಟ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಐದು ಅನ್ನುವುದು ಐದಲ್ಲ, ಐವತ್ತು ಎಂದು ಮಾತ್ರ ಅದಕ್ಕೆ ಗೊತ್ತಿಲ್ಲ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಬಿಡಿ ಎರಡು ಕಡ್ಡಿ ಕೈಗೆ ಕೊಟ್ಟು, ಮೂವತ್ತೆಂಟು ತೆಗೆದುಕೊಡು ಅನ್ನಿ. ಬಿಡಿ ಸಾಲದೆ ಒಂದು ಕಟ್ಟನ್ನು ತಾನೇ ಬಿಚ್ಚುತ್ತದೆ. 'ದಶಕ ತೆಗೆದುಕೊಳ್ಳುವುದು' ಅಂದರೆ ಕಟ್ಟು ಬಿಚ್ಚುವುದು ಎಂದು ಕೈಗೆ ತಿಳಿದ ಮೇಲೆ ಪಾಟಿಯ ಮೇಲೆ ಬರೆಸಬೇಕು. ಮೊದಲು ಬರೆಸಿ ಆಮೇಲೆ ಕಡ್ಡಿ ತೋರಿಸಿದರೆ ಕಡ್ಡಿ ಬರಿಯ ಆಟದ ಸಾಮಾನಾಗುತ್ತದೆ.

ಇದೇ ಲೆಕ್ಕವನ್ನು ಕಿರಾಣಿ ಅಂಗಡಿಯಲ್ಲಿ ಬೇರೆ ದಾರಿಯಿಂದ ಮಾಡುತ್ತಾರೆ. ಮೂವತ್ತೆಂಟಕ್ಕೆ ಎರಡು ಸೇರಿದರೆ ನಲವತ್ತು, ಅಲ್ಲಿಂದ ಐವತ್ತೆರಡಕ್ಕೆ ಹನ್ನೆರಡು, ಒಟ್ಟು ಹದಿನಾಲ್ಕು. ಕೂಡಿಸುತ್ತ ಕಳೆಯುವ ಈ ಜಾಣ್ಮೆ ಅಂಗಡಿಯಲ್ಲಿ ಕೂತ ಮಗುವಿಗೆ ಬರುತ್ತದೆ, ಆದರೆ ಶಾಲೆಯಲ್ಲಿ ಅದನ್ನು ಬಳಸಿದರೆ 'ಕ್ರಮ ತೋರಿಸು' ಎಂದು ಗದರುತ್ತೇವೆ. ಬೋರ್ಡಿನ ಮೇಲೆ ಎರಡೂ ದಾರಿಯನ್ನು ಅಕ್ಕಪಕ್ಕ ಬರೆದು, ಎರಡೂ ಒಂದೇ ಉತ್ತರಕ್ಕೆ ಹೇಗೆ ಬಂದವು ಎಂದು ಕೇಳುವ ಶಿಕ್ಷಕರು ಸೇತುವೆಯ ಮೊದಲ ಕಲ್ಲು ಇಟ್ಟಂತೆ.

ಸಂಖ್ಯೆಯ ಹೆಸರುಗಳ ವಿಷಯ ಇನ್ನೂ ಸೂಕ್ಷ್ಮ, ಅದಕ್ಕೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಕನ್ನಡದ ಮಗುವಿಗೆ ಒಂದು ಅನುಕೂಲ ಇದೆ. ಇಪ್ಪತ್ತೈದು ಅಂದರೆ ಇಪ್ಪತ್ತು ಮತ್ತು ಐದು. ಹೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ. ನೂರಕ್ಕೆ ಹೋದಾಗ ಅದೇ ಅನುಕೂಲ ಬಲೆಯಾಗುತ್ತದೆ: ನೂರಾ ಮೂರು ಅಂದರೆ ನೂರನ್ನು ಬರೆದು ಪಕ್ಕಕ್ಕೆ ಮೂರು ಇಟ್ಟು 1003 ಮಾಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಎಂಬತ್ತೊಂಬತ್ತು, ತೊಂಬತ್ತೆಂಟು ಕಿವಿಗೆ ಒಂದೇ ಥರ ಕೇಳಿ ಅದಲು ಬದಲಾಗುತ್ತವೆ. ಸವಣೂರಿನಲ್ಲಿ, ಶಿಗ್ಗಾವಿಯಲ್ಲಿ ಉರ್ದು ಮಾತಾಡುವ ಮನೆಗಳಿಂದ ಬರುವ ಮಕ್ಕಳ ಕಷ್ಟ ಬೇರೆಯೇ. ಮನೆಯಲ್ಲಿ 25 ಅಂದರೆ ಪಚ್ಚೀಸ್. ಐದರ ಸದ್ದು ಮೊದಲು, ಇಪ್ಪತ್ತರ ಸದ್ದು ಆಮೇಲೆ. 29 ಅಂದರೆ ಉನ್ತೀಸ್, ಮೂವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ ಪದ. ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆ ಹೆಸರಾಗಿ ಕಲಿಯಬೇಕು. ಅಂಥ ಮಗು 52ನ್ನು 25 ಎಂದು ಬರೆದರೆ ಅದಕ್ಕೆ ಅಂಕಿ ಬರುವುದಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳೂ ಮನೆಯಲ್ಲಿ ಬೇರೆ ಹೆಸರುಗಳಿಂದಲೇ ಎಣಿಸಿ ಬಂದಿರುತ್ತಾರೆ. ಮನೆಯ ಎಣಿಕೆಯನ್ನು ತರಗತಿಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಸಿ, ಆ ಹೆಸರಿನ ಎದುರು ಅಂಕಿ ಬರೆಸಿದರೆ ಗೊಂದಲ ಬೇಗ ಕರಗುತ್ತದೆ.

ಮಗ್ಗಿಯ ಬಗ್ಗೆ ಒಂದು ಮಾತು. ಮಗ್ಗಿ ಬಾಯಿಪಾಠ ಬೇಡ ಅನ್ನುವವರ ಜೊತೆ ನಾನಿಲ್ಲ. ಏಳೆಂಟ್ಲೆ ಐವತ್ತಾರು ನಾಲಿಗೆಯ ತುದಿಯಲ್ಲಿದ್ದರೆ ಮನಸ್ಸು ಲೆಕ್ಕದ ಅರ್ಥದ ಕಡೆ ಹರಿಯುತ್ತದೆ. ಹಿಂದಿನ ಸಾಲಿಗಳಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯೂ ಇದ್ದವು. ಅವು ಹೋದದ್ದರಿಂದ ಭಿನ್ನರಾಶಿ ಬಾಯಿಂದ ಜಾರಿ ಪುಸ್ತಕದೊಳಗೆ ಸೇರಿಕೊಂಡಿತು. ಮುಕ್ಕಾಲು ಕಿಲೋ ಸಕ್ಕರೆ ಎಂದು ದಿನಾ ಕೇಳುವ ಮಗು, ಪುಸ್ತಕದಲ್ಲಿ ಮೂರರ ಕೆಳಗೆ ಗೆರೆ, ಗೆರೆಯ ಕೆಳಗೆ ನಾಲ್ಕು ಕಂಡಾಗ ಅದು ತನ್ನ ಮುಕ್ಕಾಲೇ ಎಂದು ಗುರುತಿಸುವುದಿಲ್ಲ. ಆದರೆ ಮಗ್ಗಿ ಎಷ್ಟು ಗಟ್ಟಿಯಾಗಿದ್ದರೂ ಅಂದಾಜು ಬೇಕು. 48ನ್ನು 21ರಿಂದ ಗುಣಿಸಿ, ಸ್ಥಾನ ತಪ್ಪಿಸಿ, 144 ಎಂದು ಬರೆದ ಮಗುವಿಗೆ ಮಗ್ಗಿ ತಪ್ಪಿಲ್ಲ. ಸುಮಾರು ಐವತ್ತನ್ನು ಇಪ್ಪತ್ತು ಸಲ ಇಟ್ಟರೆ ಸಾವಿರದ ಹತ್ತಿರ ಬರಬೇಕಲ್ಲ ಎಂಬ ಅನುಮಾನ ಹುಟ್ಟಲಿಲ್ಲ, ಅಷ್ಟೇ. ಪ್ರತಿ ಲೆಕ್ಕಕ್ಕೂ ಮೊದಲು "ಸುಮಾರು ಎಷ್ಟಾಗಬಹುದು?" ಎಂದು ಕೇಳುವ ರೂಢಿಗೆ ಖರ್ಚಿಲ್ಲ, ತರಬೇತಿಯೂ ಬೇಕಿಲ್ಲ.

ಅಳತೆಯಲ್ಲೂ ಇದೇ ಕತೆ. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ ಹದಿನಾಲ್ಕರಿಂದ ಹದಿನೆಂಟು ವಯಸ್ಸಿನವರಿಗೆ ಒಂದು ಸಣ್ಣ ಪರೀಕ್ಷೆ ಇಟ್ಟಿತ್ತು. ಸ್ಕೇಲಿನ ಸೊನ್ನೆಯ ಗೆರೆಯಿಂದ ವಸ್ತುವನ್ನಿಟ್ಟಾಗ ಸುಮಾರು 85 ಶೇಕಡಾ ಯುವಕ ಯುವತಿಯರು ಉದ್ದವನ್ನು ಸರಿಯಾಗಿ ಹೇಳಿದರು. ಅದೇ ವಸ್ತುವನ್ನು ಸೊನ್ನೆ ಬಿಟ್ಟು ಬೇರೆ ಗೆರೆಯಿಂದ ಇಟ್ಟಾಗ ಸರಿ ಹೇಳಿದವರು 39 ಶೇಕಡಾ. ತುದಿಯ ಅಂಕಿಯನ್ನು ಓದುವುದೇ ಅಳತೆ ಎಂದು ಅವರು ಕಲಿತಿದ್ದರು. ನಡುವಿನ ಅಂತರ ಅಳತೆ ಎಂದು ಕಲಿತಿರಲಿಲ್ಲ.

ಇದಕ್ಕೆ ನಮ್ಮ ಸೀಮೆಯಲ್ಲಿ ಸಿಗುವ ಒಳ್ಳೆಯ ಪಾಠೋಪಕರಣ ಗುಂಟೆ. ಉದ್ದ 33 ಅಡಿ, ಅಗಲ 33 ಅಡಿ, ಒಟ್ಟು 1,089 ಚದರ ಅಡಿ. ಶಾಲೆಯ ಬಯಲಿನಲ್ಲಿ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದು ಒಂದು ಗುಂಟೆ ಗುರುತಿಸಬಹುದು. ಮೊದಲು ಕಣ್ಣಂದಾಜು, ಆಮೇಲೆ ಹೆಜ್ಜೆ, ಆಮೇಲೆ ಟೇಪು. ಇಂಥವು ನಲವತ್ತು ಸೇರಿದರೆ ಎಕರೆ. ನಮ್ಮ ಸಾಲಿಯ ಜಾಗ ಎಷ್ಟು ಗುಂಟೆ? ಐದನೇ ಇಯತ್ತೆಯವರಿಗೆ ಇದು ಕ್ಷೇತ್ರಫಲದ ಪಾಠ, ಎಂಟನೆಯವರಿಗೆ ಉತಾರ ಓದುವ ಪಾಠ. ಗುಂಟೆಯೊಂದನ್ನು ಕಾಲಿನಿಂದ ತಿಳಿದ ಹುಡುಗಿ 2.20ನ್ನು ಎಂದೂ ದಶಮಾಂಶ ಎಂದು ಓದುವುದಿಲ್ಲ. ಚುಕ್ಕೆ ಎಲ್ಲೆಲ್ಲೂ ಹತ್ತರ ಲೆಕ್ಕ ಹೇಳುವುದಿಲ್ಲ, ಗಡಿಯಾರದಲ್ಲಿ ಅರವತ್ತರದ್ದು, ಉತಾರದಲ್ಲಿ ನಲವತ್ತರದ್ದು ಎಂದು ಆಕೆಗೆ ಗೊತ್ತಾಗಿರುತ್ತದೆ.

ಇನ್ನು ಹಿರೇಕೆರೂರಿನ ಕಡೆ ಹೋದರೆ ಕಣ್ಣು ಹಾಯುವಷ್ಟೂ ಗೋವಿನಜೋಳ. ಅದರ ತೇವಾಂಶದ ಲೆಕ್ಕವನ್ನು ಏಳು ಎಂಟನೇ ಇಯತ್ತೆಯ ಮಕ್ಕಳ ಮುಂದೆ ಇಡಲೇಬೇಕು. ಬೆಂಬಲ ಬೆಲೆಯ ಖರೀದಿಗೆ ತೇವಾಂಶ 14 ಶೇಕಡಾ ಮೀರಬಾರದು. ಇಪ್ಪತ್ತು ಶೇಕಡಾ ತೇವಾಂಶದ ಒಂದು ಕ್ವಿಂಟಲ್ ಕಾಳನ್ನು ಒಣಗಿಸಿ ಹದಿನಾಲ್ಕಕ್ಕೆ ತಂದರೆ ತೂಕ ಎಷ್ಟು ಇಳಿಯುತ್ತದೆ? ಇಪ್ಪತ್ತರಲ್ಲಿ ಹದಿನಾಲ್ಕು ಕಳೆದು ಆರು ಕಿಲೋ ಎಂದು ದೊಡ್ಡವರೂ ಹೇಳುತ್ತಾರೆ. ತಪ್ಪು. ನೂರು ಕಿಲೋದಲ್ಲಿ ನೀರು ಇಪ್ಪತ್ತು, ಕಾಳಿನ ಒಣ ತಿರುಳು ಎಂಬತ್ತು. ಎಷ್ಟು ಒಣಗಿಸಿದರೂ ಆ ಎಂಬತ್ತು ಕಿಲೋ ಕದಲುವುದಿಲ್ಲ. ಒಣಗಿದ ಮೇಲೆ ಆ ಎಂಬತ್ತೇ ಒಟ್ಟು ತೂಕದ 86 ಶೇಕಡಾ ಆಗಬೇಕು. ಎಂಬತ್ತನ್ನು 0.86ರಿಂದ ಭಾಗಿಸಿ: ಸುಮಾರು 93 ಕಿಲೋ. ಇಳಿದದ್ದು ಏಳು ಕಿಲೋ. ಇಪ್ಪತ್ತು ಕ್ವಿಂಟಲ್ ಬೆಳೆದವನಿಗೆ ಈ ಒಂದು ಕಿಲೋದ ವ್ಯತ್ಯಾಸವೇ ಇಪ್ಪತ್ತು ಕಿಲೋ ಆಗುತ್ತದೆ. ಶೇಕಡಾ ಅಂದಾಗ 'ಯಾವುದರ ಶೇಕಡಾ?' ಎಂದು ಕೇಳಬೇಕು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ರೈತನ ಮಗ ಇದನ್ನು ಕಲಿತು ಮನೆಗೆ ಹೋದ ದಿನ ಅಪ್ಪನೂ ಕೂತು ಕೇಳುತ್ತಾನೆ.

ಹಾನಗಲ್ಲಿನ ಭತ್ತದ ಚೀಲ, ಮಾವಿನ ಬುಟ್ಟಿ, ಸವಣೂರಿನ ವೀಳ್ಯದೆಲೆಯ ಕಟ್ಟು, ಇವೆಲ್ಲವೂ ಹೀಗೆಯೇ ಪಾಠವಾಗಬಲ್ಲವು. ಎಲೆಯನ್ನು ಎಣಿಸಿ ಕಟ್ಟುವ ಮನೆಯ ಮಗುವಿಗೆ ಗುಣಾಕಾರ ಕಲಿಸಲು ಪುಸ್ತಕದ ಸೇಬಿನ ಚಿತ್ರ ಯಾಕೆ ಬೇಕು?

ಒಂದು ಬದಲಾವಣೆಯನ್ನು ಮಾತ್ರ ನಾವೆಲ್ಲ ಗಮನಿಸದೆ ಬಿಟ್ಟಿದ್ದೇವೆ. ಆಣೆಯ ಲೆಕ್ಕ ಹೋಗಿ ರೂಪಾಯಿಗೆ ನೂರು ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಆಮೇಲೆ ಎರಡು ತಲೆಮಾರಿನ ಮಕ್ಕಳು ಐದು, ಹತ್ತು, ಇಪ್ಪತ್ತೈದು ಪೈಸೆ ಕೈಯಲ್ಲಿ ಹಿಡಿದು ದಶಮಾಂಶ ಕಲಿತರು. 2011ರ ಜೂನ್ 30ಕ್ಕೆ ನಾಲ್ಕಾಣೆಯ ಚಲಾವಣೆಯೂ ನಿಂತಿತು. ಈಗಿನ ಮಗುವಿಗೆ 12.50 ಅಂದರೆ ಹಿಡಿಯಲು ಕೈಯಲ್ಲಿ ಏನೂ ಇಲ್ಲ. ಅದರ ಮೇಲೆ ಫೋನಿನಿಂದ ಹಣ ಕೊಡುವುದು ಬಂತು. ಅಂಗಡಿಗೆ ಕಳಿಸಿದ ಮಗು ಚಿಲ್ಲರೆ ಎಣಿಸಿ ತರುವುದೇ ಇಲ್ಲ. ಫೋನನ್ನು ದೂರಿ ಪ್ರಯೋಜನವಿಲ್ಲ. ಬೀದಿ ಕಲಿಸುತ್ತಿದ್ದ ಪಾಠವನ್ನು ಈಗ ಶಾಲೆ ಎತ್ತಿಕೊಳ್ಳಬೇಕು, ಅಷ್ಟೇ.

ಸರ್ಕಾರ ಸುಮ್ಮನೆ ಕೂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿ ಕಲಿಕಾ ವಿಧಾನ ಮುಂದೆ ಒಂದರಿಂದ ಮೂರನೇ ತರಗತಿಗಳಿಗೆ ಬಂತು. ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗಿನ ಗಣಿತ ಕಲಿಕಾ ಆಂದೋಲನದಿಂದ ಮಣಿಚೌಕಟ್ಟು, ಆಟದ ನೋಟು, ಭಿನ್ನರಾಶಿಯ ಪಟ್ಟಿಗಳಿರುವ ಕಿಟ್ ಶಾಲೆಗಳಿಗೆ ಬಂತು, ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳು ನಡೆದವು. 2021ರ ಜುಲೈಯಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಲೆಕ್ಕದ ಬುನಾದಿ ಇರಬೇಕು ಎಂದು ಗುರಿ ಇಟ್ಟಿದೆ. ಗುರಿ ಎಷ್ಟು ದೂರವಿದೆ ಎಂಬುದಕ್ಕೆ 2024ರ ಅಸರ್ ವರದಿ ಸಾಕು: ದೇಶದ ಗ್ರಾಮೀಣ ಭಾಗದಲ್ಲಿ ಮೂರನೇ ತರಗತಿಯವರಲ್ಲಿ ದಶಕ ತೆಗೆದುಕೊಂಡು ಎರಡಂಕಿ ಕಳೆಯಬಲ್ಲವರು 33.7 ಶೇಕಡಾ, ಐದನೇ ತರಗತಿಯವರಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 30.7 ಶೇಕಡಾ. ಹಿಂದಿನ ವರ್ಷಗಳಿಗಿಂತ ಮೇಲು, ಆದರೂ ಮೂವರಲ್ಲಿ ಇಬ್ಬರು ಹೊರಗೇ ಇದ್ದಾರೆ.

ನಮ್ಮ ಶಾಲೆಗಳಲ್ಲಿ ನಡೆಯುವ ಮೆಟ್ರಿಕ್ ಮೇಳ ನನಗೆ ಬಹಳ ಪ್ರಿಯವಾದದ್ದು. ಮಕ್ಕಳು ಮನೆಯಿಂದ ಸೊಪ್ಪು, ಬದನೆಕಾಯಿ, ನಿಂಬೆಹಣ್ಣು, ಚುರುಮುರಿ ತಂದು ಅಂಗಳದಲ್ಲಿ ಅಂಗಡಿ ಹೂಡುತ್ತಾರೆ. ಊರಿನವರು ಬಂದು ಚೌಕಾಸಿ ಮಾಡಿ ಕೊಳ್ಳುತ್ತಾರೆ. ಆದರೆ ಫೋಟೊ ತೆಗೆದು, ಭಾಷಣ ಮುಗಿಸಿ, ಗೋಣಿಚೀಲ ಮಡಚಿದ ಮೇಲೆ ಮರುದಿನ ತರಗತಿಯಲ್ಲಿ ಮತ್ತೆ ಪುಸ್ತಕದ ಅಭ್ಯಾಸ 4.2 ಶುರುವಾದರೆ ಮೇಳ ಹಬ್ಬವಾಗಿಯೇ ಉಳಿಯುತ್ತದೆ. ಪಾಠ ಇರುವುದು ಮರುದಿನವೇ. ಯಾರು ಎಷ್ಟಕ್ಕೆ ತಂದರು, ಎಷ್ಟಕ್ಕೆ ಮಾರಿದರು, ಎಷ್ಟು ಉಳಿಯಿತು, ಬಾಡಿದ ಸೊಪ್ಪಿನ ನಷ್ಟ ಯಾರದು? ಬಾಯಲ್ಲಿ ಮಾಡಿದ ಆ ಲೆಕ್ಕಗಳನ್ನು ಮಕ್ಕಳಿಂದಲೇ ಹೇಳಿಸಿ, ಬೋರ್ಡಿನ ಮೇಲೆ ಅಂಕಿಯಲ್ಲಿ ಬರೆದು, ಗುಣಾಕಾರದ ಗುರುತು ಎಲ್ಲಿ ಬಂತು, ಕಳೆಯುವ ಗುರುತು ಯಾಕೆ ಬಂತು ಎಂದು ತೋರಿಸಬೇಕು. ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಯ ಮಕ್ಕಳಿಗೆ ಸಿಗದೆ ಹೋದದ್ದು ಇದೊಂದೇ.

ಅಪ್ಪ ಅವ್ವಂದಿರಲ್ಲಿ ಒಂದು ಕೋರಿಕೆ. ಈ ವಾರ ನಿಮ್ಮ ಮಗುವಿನ ಪಾಟಿಚೀಲದಲ್ಲಿ ಉತಾರದ್ದೊಂದು ಝೆರಾಕ್ಸ್, ಕರೆಂಟ್ ಬಿಲ್ಲು, ಸಂತೆಯ ಚೀಟಿ, ಹಾಲಿನ ಡೇರಿಯ ಪಟ್ಟಿ, ಯಾವುದಾದರೂ ಒಂದನ್ನು ಇಟ್ಟು ಕಳಿಸಿ. ಮಾಸ್ತರರೇ, ಅಕ್ಕೋರೇ, ಅದನ್ನು ಪಕ್ಕಕ್ಕಿಡಬೇಡಿ. ಬೋರ್ಡಿನ ಮೇಲೆ ಬರೆದು, ಸುಮಾರು ಎಷ್ಟಾಗಬಹುದು ಎಂದು ಮೊದಲು ಕೊನೆಯ ಸಾಲಿನ ಮಗುವನ್ನು ಕೇಳಿ.